ಶುಕ್ರವಾರ ನಾಲ್ಕು ಗಂಟೆಗೆ

ಧನಲಕ್ಷ್ಮಿಗೂ ರಾಜಕುಮಾರನಿಗೂ ಮದುವೆಯಾದದ್ದು ತೊಂಬತ್ತೆಂಟರ ತೈ ತಿಂಗಳಲ್ಲಿ, ಸಂಕ್ರಾಂತಿ ಆದ ಮೇಲೆ. ನಲವತ್ತೆರಡನೆಯ ದಿನ ಅವನು ಶಾರ್ಜಾಕ್ಕೆ ಹೊರಟುಹೋದ. ಅಷ್ಟು ದಿನಗಳಲ್ಲಿ ಅವನು ಹೆಂಡತಿಯ ಜೊತೆ ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಇನ್‌ಲ್ಯಾಂಡ್ ಲೆಟರ್ ತುಂಬುತ್ತಿರಲಿಲ್ಲ.

ಕೆಟ್ಟವನಲ್ಲ. ಹತ್ತಿರದ ಕೊಳತ್ತೂರಿನಿಂದ ಬರುವಾಗ ಮಲ್ಲಿಗೆ ತರುತ್ತಿದ್ದ, ಆದರೆ ಕೈಗೆ ಕೊಡದೆ ಗೋಡೆಯ ಗೂಡಿನಲ್ಲಿಟ್ಟು ಹೋಗುತ್ತಿದ್ದ. ಅವಳ ಕಣ್ಣಿಗೆ ಹೊಗೆ ತಾಗಬಾರದೆಂದು ಚೆನ್ನಾಗಿ ಒಣಗಿದ ಸೌದೆಯನ್ನೇ ಆರಿಸಿ ಒಲೆಯ ಪಕ್ಕ ಜೋಡಿಸುತ್ತಿದ್ದ. ಮಾತು ಮಾತ್ರ ಇಲ್ಲ. ಕೇಳಿದ್ದಕ್ಕೆ 'ಊಂ', ಇಲ್ಲವೆಂದರೆ 'ಆಗ್ಲಿ'. ಅದಿಯಮಾನ್‌ಕೋಟೆಯ ತುಂಬಿದ ಮನೆಯಿಂದ, ಎಲ್ಲರೂ ಒಟ್ಟಿಗೇ ಮಾತಾಡುವ ಮನೆಯಿಂದ ಬಂದ ಹುಡುಗಿಗೆ ಪಾಲಮಲೆ ಬೆಟ್ಟದ ಅಡಿಯ ಗಂಡನ ಊರು ಮೊದಮೊದಲು ಕಿವಿ ಮುಚ್ಚಿಕೊಂಡ ಹಾಗೆ ಅನ್ನಿಸುತ್ತಿತ್ತು. ಮನೆಯಲ್ಲಿ ಅತ್ತೆ ಕಾಳಿಯಮ್ಮ, ಹಟ್ಟಿಯಲ್ಲಿ ಮೂವತ್ತು ಕುರಿ, ಹಿಂದೆ ಕಡಲೆಕಾಯಿ ಹೊಲ. ಗಂಡ ಹೋದ ಮೇಲೆ ಧನಲಕ್ಷ್ಮಿ ಕೊಳತ್ತೂರಿನ ಒಂದು ನರ್ಸರಿ ಶಾಲೆಯಲ್ಲಿ ಟೀಚರಾಗಿ ಸೇರಿಕೊಂಡಳು.

ರಾಜಕುಮಾರ ಶಾರ್ಜಾದಲ್ಲಿ ಕಟ್ಟಡ ಕಟ್ಟುವ ಕಂಪನಿಯೊಂದರ ಸ್ಟೋರ್‌ಕೀಪರ್. ಅಲ್ಲಿಂದ ಕಾಗದ ಬರಲು ಹತ್ತು ಹನ್ನೆರಡು ದಿನ ಬೇಕು. ಬರುತ್ತಿದ್ದ ಕಾಗದ ತಮಿಳಿನಲ್ಲಿ. ಎರಡೂ ಮನೆಗಳಲ್ಲಿ ಆಡುವುದು ಕನ್ನಡವೇ, ಆದರೆ ಊರು ತಮಿಳುನಾಡಿನದು, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡದ ಅಕ್ಷರ ಇಬ್ಬರಿಗೂ ಗೊತ್ತಿಲ್ಲ. ಮೈಸೂರಿನ ಕಡೆಯಿಂದ ಬರುವ ಲಾರಿಗಳ ಹಿಂದೆ ದುಂಡದುಂಡಗೆ ಬರೆದದ್ದನ್ನು ನೋಡಿ, ನಮ್ಮ ಮಾತು ಬರೆದರೆ ಹೀಗಿರುತ್ತದಂತೆ ಎಂದುಕೊಳ್ಳುವುದು, ಅಷ್ಟೇ.

'ಅನ್ಬುಳ್ಳ ಧನಲಕ್ಷ್ಮಿಗೆ, ನಲಂ, ನಲಮರಿಯ ಆವಲ್' ಎಂದು ಕಾಗದ ಶುರುವಾಗುತ್ತಿತ್ತು. ಪ್ರೀತಿಯ ಧನಲಕ್ಷ್ಮಿಗೆ, ನಾನು ಕ್ಷೇಮ, ನಿನ್ನ ಕ್ಷೇಮ ತಿಳಿಯುವ ಆಸೆ. ಮುಂದೆ ಅಲ್ಲಿಯ ಬಿಸಿಲು, ಕೆಲಸದ ಹೊತ್ತು, ಅಮ್ಮನ ಮಂಡಿನೋವು ಹೇಗಿದೆಯೆಂಬ ವಿಚಾರಣೆ. ಪರೀಕ್ಷೆಯಲ್ಲಿ ಬರೆದ ಪ್ರಬಂಧದ ಹಾಗೆ ಒಂದಕ್ಷರ ತಪ್ಪಿರುತ್ತಿರಲಿಲ್ಲ. ಧನಲಕ್ಷ್ಮಿ ಅದನ್ನು ಸಾಲುಸಾಲಾಗಿ ಕನ್ನಡ ಮಾಡಿ ಹೇಳಿದರೆ ಕಾಳಿಯಮ್ಮ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

"ಇದು ನಮ್ಮ ರಾಜು ಬರ್ದಿದ್ದಾ ಅಮ್ಮಣಿ? ಯಾರಾನಾ ಇಸ್ಕೂಲ್ ವಾದ್ಯಾರು ಬರ್ಕೊಟ್ಟಂಗೈತಲ್ಲ."

"ಅವ್ರ್‌ದೇ ಕೈಬರ ಅತ್ತೆ."

"ಕೈಬರ ಅವ್ನ್‌ದಾದ್ರೆ ಆಯ್ತಾ? ಬಾಯಿ ಅವ್ನ್‌ದಲ್ಲ."

ಅವನು ಹೋದ ಮೇಲೆ ಧನಲಕ್ಷ್ಮಿಗೆ ತಾನು ಬಸುರಿಯೆಂದು ಗೊತ್ತಾಯಿತು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ಕಾಳಿಯಮ್ಮ ಹೇಳಿದ್ದರಿಂದ ಅದನ್ನು ಕಾಗದದಲ್ಲಿ ಬರೆಯಲಿಲ್ಲ. ಮೂರು ತುಂಬಲು ವಾರವಿರುವಾಗ, ಮೇ ಹದಿನಾಲ್ಕರ ಮಧ್ಯಾಹ್ನ, ನೀರಿನ ಕೊಡ ಇಳಿಸಿ ನಿಂತವಳಿಗೆ ಹೊಟ್ಟೆಯಲ್ಲಿ ನೋವು ಶುರುವಾಯಿತು. ಕಾಳಿಯಮ್ಮ ಕಲ್ಲು ಸಾಗಿಸುವ ಟೆಂಪೋವನ್ನು ಅಡ್ಡಹಾಕಿ ನಿಲ್ಲಿಸಿ ಮೆಟ್ಟೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆದರೂ ಬಸಿರು ಉಳಿಯಲಿಲ್ಲ.

ಆಮೇಲೆ ಇಪ್ಪತ್ತು ದಿನ ಸೊಸೆಯನ್ನು ಒಂದು ಚೊಂಬು ನೀರೂ ಎತ್ತಲು ಬಿಡಲಿಲ್ಲ ಆ ಹೆಂಗಸು. ತಾನೇ ಸ್ನಾನ ಮಾಡಿಸಿದಳು, ತಾನೇ ತಲೆ ಬಾಚಿದಳು. "ನಂಗೂ ಎಲ್ಡು ಇಂಗೇ ಓದ್ವು. ಯಾರ್ಗೂ ಏಳ್ನಿಲ್ಲ," ಎಂದು ಒಂದು ದಿನ ಜಡೆ ಹೆಣೆಯುತ್ತಾ ಹೇಳಿದಳು. ಧನಲಕ್ಷ್ಮಿ ಕಾಗದ ಬರೆಯಲು ಕೂತಾಗ ಮಾತ್ರ ಪಕ್ಕದಲ್ಲಿ ಬಂದು ಕೂತಳು.

"ಈಗ ಬರೀಬ್ಯಾಡ ತಾಯಿ. ಅವ್ನು ಅಲ್ಲಿ ಒಬ್ನೇ ಅವ್ನೆ. ಬರಾಕೂ ಆಗಾಕಿಲ್ಲ, ಅಳಾಕೂ ಜಾಗ ಇರಾಕಿಲ್ಲ. ಬಂದಾಗ ಏಳಿದ್ರಾಯ್ತು."

ಧನಲಕ್ಷ್ಮಿಗೂ ಆ ಶಾಲೆಯ ತಮಿಳಿನಲ್ಲಿ ಅದನ್ನು ಹೇಗೆ ಬರೆಯುವುದೋ ತಿಳಿಯಲಿಲ್ಲ. 'ನಲಂ, ನಲಮರಿಯ ಆವಲ್' ಎಂದೇ ಬರೆದು ಅಂಟಿಸಿದಳು.

ಮುಂದಿನ ಪೊಂಗಲ್ ಕಳೆದ ಮೇಲೆ ಬಂದ ಕಾಗದದಲ್ಲಿ ಹೊಸ ವಿಷಯವಿತ್ತು. ಅವನ ಸ್ಟೋರಿಗೆ ಕಂಪ್ಯೂಟರ್ ಬಂದಿದೆ. ಇಮೇಲ್ ಅಂತ ಒಂದಿದೆ, ಬರೆದ ಗಳಿಗೆಯಲ್ಲೇ ತಲುಪುತ್ತದೆ. ಸೇಲಂನಲ್ಲಿ ಐದು ರಸ್ತೆಯ ಹತ್ತಿರ ಒಂದು ಬ್ರೌಸಿಂಗ್ ಸೆಂಟರ್ ತೆರೆದಿದ್ದಾರಂತೆ, ಹೋಗಿ ನೋಡು. ಕೆಳಗೆ ತನ್ನ ವಿಳಾಸವನ್ನು ಇಂಗ್ಲಿಷಿನ ದಪ್ಪಕ್ಷರದಲ್ಲಿ ಬರೆದು, ನಡುವಿನ ಸುರುಳಿ ಗುರುತಿನ ಸುತ್ತ ಒಂದು ಗೆರೆ ಎಳೆದಿದ್ದ.

ಶನಿವಾರ ಶಾಲೆಗೆ ರಜ. ಧನಲಕ್ಷ್ಮಿ ಬೆಳಗಿನ ಬಸ್ಸು ಹಿಡಿದು ಸೇಲಂಗೆ ಹೋದಳು. ಕೆಳಗೆ ಬೆಳ್ಳಿ ಕಾಲ್ಗೆಜ್ಜೆಯ ಅಂಗಡಿ, ಮಹಡಿಯ ಮೇಲೆ ಸೆಂಟರ್. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಳಗೆ ಊಟಿಯ ಚಳಿ. ಪ್ಲೈವುಡ್ ಅಡ್ಡ ನಿಲ್ಲಿಸಿ ಹೂವಿನ ಚಿತ್ರದ ಪರದೆ ಕಟ್ಟಿದ ನಾಲ್ಕು ಗೂಡು, ಗೂಡಿಗೊಂದು ಕಂಪ್ಯೂಟರ್. ಮಾಲೀಕ ಪಳನಿಯಪ್ಪನ್ ಐವತ್ತು ದಾಟಿದವರು, ಮೊದಲು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು. ಇವಳು ಧರ್ಮಪುರಿಯಲ್ಲಿ ಇಂಗ್ಲಿಷ್ ಟೈಪಿಂಗ್ ಲೋವರ್ ಪಾಸ್ ಮಾಡಿದ್ದೇನೆ ಎಂದದ್ದಕ್ಕೆ ಅವರ ಮುಖ ಅರಳಿತು.

"ಹಾಗಾದರೆ ಬೆರಳಿಗೆ ಎಲ್ಲ ಗೊತ್ತಿದೆಯಮ್ಮಾ. ಕಣ್ಣಿಗೆ ಮಾತ್ರ ಕಲಿಸಬೇಕು," ಎಂದರು ತಮಿಳಿನಲ್ಲಿ.

ಫೋನಿನ ಲೈನ್ ಸೇರುವವರೆಗೆ ಮೋಡೆಮ್ ಪೆಟ್ಟಿಗೆ ಮಾಡುತ್ತಿದ್ದ ಸದ್ದು ಆಗ ಹೋದವರಿಗೆಲ್ಲ ನೆನಪಿರುತ್ತದೆ. ಮೊದಲು ಫೋನಿನ ಟೋನ್, ಆಮೇಲೆ ಹಕ್ಕಿ ಕಿರುಚಿದ ಹಾಗೆ, ಕೊನೆಗೆ ತಗಡಿನ ಮೇಲೆ ಮರಳು ಸುರಿದ ಹಾಗೆ. ಸದ್ದು ನಿಂತಿತೆಂದರೆ ಶಾರ್ಜಾ ಸಿಕ್ಕಿತೆಂದು ಅರ್ಥ. ಧನಲಕ್ಷ್ಮಿ ತನಗೆ ಬರುವ ಇಂಗ್ಲಿಷಿನಲ್ಲಿ ಆರು ಸಾಲು ಹೊಡೆದು ಕಳುಹಿಸಿ ಬಂದಳು. ಅದೂ ಪರೀಕ್ಷೆಯ ಉತ್ತರದ ಹಾಗೇ ಇತ್ತು.

ಮುಂದಿನ ಶನಿವಾರ ಉತ್ತರ ಬಂದಿತ್ತು. ಅಕ್ಷರಗಳು ಇಂಗ್ಲಿಷಿನವು. ಮೊದಲ ಸಾಲನ್ನು ಅವಳು ಎರಡು ಸಲ ನೋಡಿದಳು, ಯಾವ ಪದವೂ ತಿಳಿಯಲಿಲ್ಲ. ಮೂರನೆಯ ಸಲ ತುಟಿ ಅಲ್ಲಾಡಿಸಿ ಓದಿದಾಗ ಕಿವಿಗೆ ಕೇಳಿಸಿತು.

'ಧನಾ, ಉಂಡ್ಯಾ?'

ಅವಳು ಜೋರಾಗಿ ನಕ್ಕುಬಿಟ್ಟಳು. ಪಳನಿಯಪ್ಪನ್ ಏನಾಯಿತೋ ಎಂದು ಎದ್ದು ನಿಂತರು.

'ನಂಗೆ ಇಂಗ್ಲಿಷ್ ಅಷ್ಟು ಬರಾಕಿಲ್ಲ. ತಮಿಳ್ನ ಈ ಅಕ್ಷರದಾಗೆ ಬರ್ದ್ರೆ ಇಸ್ಕೂಲ್ ವಾದ್ಯಾರು ಇಂದೆ ನಿಂತು ಒಡೀತಾರೆ ಅನ್ನಿಸ್ತೈತೆ. ನಮ್ಮಾತ್ಗೆ ವಾದ್ಯಾರೇ ಇಲ್ವಲ್ಲ, ಯಾರೂ ತಪ್ಪು ಅನ್ನಾಕಿಲ್ಲ. ಅದ್ಕೇ ಇಂಗೆ ಬರೀತಾ ಇವ್ನಿ. ನಗ್ಬ್ಯಾಡ' ಎಂದು ಮುಂದೆ ಬರೆದಿದ್ದ.

ಮನೆಯ ಮಾತನ್ನು ಅವಳು ಹುಟ್ಟಿದಾಗಿನಿಂದ ಎಲ್ಲಿಯೂ ಬರೆದಿದ್ದು ಕಂಡಿರಲಿಲ್ಲ. ಅದಕ್ಕಿಂತ ದೊಡ್ಡ ವಿಷಯ, ನಲವತ್ತೆರಡು ದಿನ ಜೊತೆಯಲ್ಲಿದ್ದಾಗ ಅವನು ಅವಳನ್ನು ಒಂದು ಸಲವೂ ಹೆಸರು ಹಿಡಿದು ಕರೆದಿರಲಿಲ್ಲ.

ಆಮೇಲೆ ಫೆಬ್ರವರಿಯಿಂದ ಮೇ ತಿಂಗಳವರೆಗೆ ಒಂದು ಶನಿವಾರವನ್ನೂ ಅವಳು ಬಿಡಲಿಲ್ಲ. ಅವನು ಆ ವಾರ ಕಂಡದ್ದು, ತಿಂದದ್ದು, ಬೈಸಿಕೊಂಡದ್ದು ಎಲ್ಲವನ್ನೂ ಬರೆಯುತ್ತಿದ್ದ. ಎಂಟು ಜನ ಮಲಗುವ ರೂಮಿನಲ್ಲಿ ತನ್ನದು ಮೇಲಿನ ಮಂಚ, ಚಾವಣಿ ಮೂಗಿಗೆ ತಾಗುತ್ತದೆ. ಏಸಿಯ ಹಿಂದೆ ಪಾರಿವಾಳ ಮೊಟ್ಟೆಯಿಟ್ಟಿದೆ, ಅದಕ್ಕೆ ಮೆಕ್ಯಾನಿಕ್ಕನ್ನು ಒಳಗೆ ಬಿಡದೆ ಎಲ್ಲರೂ ಬೆವರುತ್ತಾ ಮಲಗುತ್ತಿದ್ದೇವೆ. ಇಲ್ಲಿಯ ಕುರಿಗಳಿಗೆ ನಮ್ಮ ಕುರಿಯ ಮುಖವಿಲ್ಲ. ಅವಳೂ ಬರೆದಳು. ಶಾಲೆಯ ಮಕ್ಕಳು ತನಗೆ ಅಡ್ಡಹೆಸರಿಟ್ಟದ್ದು, ಅತ್ತೆ ಟೌನ್ ಬಸ್ಸಿನ ಕಂಡಕ್ಟರನ ಜೊತೆ ಜಗಳವಾಡಿ ಗೆದ್ದದ್ದು. ಒಂದು ಸಲ ಧೈರ್ಯ ಮಾಡಿ, ಆ ಕಡೆ ಗಂಡನನ್ನು ಕರೆಯುವ ಹಾಗೆ ಮಾಮ ಎಂದು ಕರೆದು ಕೇಳಿದಳು, 'ಇಷ್ಟು ಮಾತಾಡೋರು ಇಲ್ಲಿದ್ದಾಗ ಯಾಕೆ ಮಾಮ ಬಾಯೇ ಬಿಡ್ನಿಲ್ಲ?'

'ನಿನ್ ಮಕ ನೋಡಿದ್ರೆ ಮಾತು ಮರ್ತೋಗ್ತಿತ್ತು' ಎಂದು ಉತ್ತರ ಬಂತು. ಅದನ್ನು ಓದಿ ಅವಳು ಪರದೆಯ ಒಳಗೆ ಎಷ್ಟು ಹೊತ್ತು ಕೂತಿದ್ದಳೋ, ಬಸ್ಸು ತಪ್ಪಿತು.

ಅಂಥ ಸಾಲುಗಳನ್ನು ಬಿಟ್ಟು ಉಳಿದುದನ್ನು ಪ್ರಿಂಟ್ ತೆಗೆಸಿ ಮನೆಗೆ ತರುತ್ತಿದ್ದಳು. ಈಗ ಕನ್ನಡ ಮಾಡಿ ಹೇಳುವ ಕೆಲಸವಿರಲಿಲ್ಲ, ಇದ್ದ ಹಾಗೆ ಓದಿದರೆ ಆಯಿತು. ಮೊದಲ ಸಲ ಓದಿದಾಗ ಕಾಳಿಯಮ್ಮ ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇವನ್ಯಾಕೆ ಅಮ್ಮಣಿ ಇದ್ರೊಳ್ಗೆ ಕೂತವ್ನೆ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಂದ್ಸಲ ಓದು. ಆ ಪಾರಿವಾಳದ್ದು ಓದು."

ಜೂನಿನಲ್ಲಿ ರಾಜಕುಮಾರ ಚಾಟಿಂಗ್ ವಿಷಯ ಬರೆದ. ಇಬ್ಬರೂ ಒಂದೇ ಹೊತ್ತಿಗೆ ಕೂತರೆ ಎದುರೆದುರು ಮಾತಾಡಿದ ಹಾಗೇ. ಅವನಿಗೆ ಶುಕ್ರವಾರ ರಜ. ಧನಲಕ್ಷ್ಮಿ ಶಾಲೆಯ ಹೆಡ್ ಮೇಡಂ ನಾರಾಯಣಮ್ಮನವರನ್ನು ಕೇಳಿಕೊಂಡು, ಶನಿವಾರ ದೊಡ್ಡ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುವ ಒಪ್ಪಂದದ ಮೇಲೆ ಶುಕ್ರವಾರ ಮಧ್ಯಾಹ್ನ ಬಿಡಿಸಿಕೊಂಡಳು. ಒಂದು ಗಂಟೆಯ ಬಸ್ಸು ಹತ್ತಿದರೆ ನಾಲ್ಕಕ್ಕೆ ಸೆಂಟರ್ ಮುಟ್ಟಬಹುದು. ಅಲ್ಲಿ ಆಗ ಎರಡೂವರೆ. ಪಳನಿಯಪ್ಪನ್ ನಾಲ್ಕನೆಯ ಗೂಡನ್ನು ಅವಳಿಗೆಂದೇ ಬಿಟ್ಟಿರುತ್ತಿದ್ದರು.

ಮೊದಲ ಶುಕ್ರವಾರ ಪಳನಿಯಪ್ಪನ್ ಹೇಳಿಕೊಟ್ಟ ಹಾಗೆ ಅವಳು ಚಾಟ್ ಕಿಟಕಿ ತೆರೆದಳು. ತಾನು 'ಮಾಮ' ಎಂದು ಹೊಡೆದ ಕ್ಷಣದಲ್ಲಿ ಕೆಳಗೆ 'ಇಲ್ಲೇ ಇವ್ನಿ' ಎಂದು ಮೂಡಿತು. ಅವನು ಉಸಿರಾಡುವುದೂ ಕೇಳಿಸಿದ ಹಾಗಾಯಿತು.

ಆದರೆ ನಾಲ್ಕೈದು ವಾರ ಕಳೆಯುವುದರಲ್ಲಿ ಏನೋ ಬದಲಾಗಿತ್ತು. ಏನೆಂದು ಅವಳಿಗೆ ತಕ್ಷಣ ತಿಳಿಯಲಿಲ್ಲ. ಮೊದಲಾದರೆ ವಾರವಿಡೀ ಕೂಡಿಟ್ಟುಕೊಂಡು, ಇದು ಬರೆಯಬೇಕು, ಅದು ಬರೆಯಬೇಕು ಎಂದು ಮನಸ್ಸಿನಲ್ಲೇ ಗಂಟು ಕಟ್ಟಿಕೊಂಡು ಹೋಗುತ್ತಿದ್ದಳು. ಈಗ ಹೋಗಿ ಕೂತರೆ, 'ಏನ್ ಮಾಡ್ತಾ ಇದೀಯ?' 'ಸುಮ್ನೆ. ನೀವು?' 'ಸುಮ್ನೆ.' 'ಮತ್ತೆ?' 'ನೀನೇ ಏಳು.' ಹೀಗೇ ಒಂದು ಗಂಟೆ ಕಳೆದುಹೋಗುತ್ತಿತ್ತು. ಚಾಟಿಂಗ್ ಇದೆಯಲ್ಲ ಎಂದು ಮೇಲ್ ಬರೆಯುವುದು ನಿಂತೇಹೋಗಿತ್ತು. ಮನೆಗೆ ಬಂದರೆ ಅತ್ತೆ, "ಏನಂದ?" ಎಂದು ಕೇಳುವಳು. "ಚೆನ್ನಾಗವ್ರೆ ಅತ್ತೆ." "ಅಷ್ಟೇಯಾ? ಕಾಗ್ದ ಎಲ್ಲಿ?" ಓದಿ ಹೇಳಲು ಕಾಗದವಿರಲಿಲ್ಲ.

ಅವನ ಉತ್ತರವೂ ತಡವಾಗುತ್ತಿತ್ತು. ಅವಳು ಎರಡು ಸಾಲು ಬರೆದು ಕಾಯುವಳು. ಗಡಿಯಾರದ ಮುಳ್ಳು ಎರಡು ಮೂರು ನಿಮಿಷ ಸರಿದ ಮೇಲೆ 'ಊಂ' ಎಂದು ಬರುವುದು. ಅವನೇ ಒಂದು ದಿನ ಹೇಳಿದ. ಈಗ ಶುಕ್ರವಾರ ರೂಮಿನವರೆಲ್ಲ ಹೊರಗಿನ ಸೆಂಟರಿಗೆ ಬರುತ್ತೇವೆ. ಇಂಟರ್‌ನೆಟ್ಟಿನಲ್ಲಿ ಚಾಟ್ ರೂಮ್ ಅಂತ ಇದೆ, ದುಬೈ, ಸಿಂಗಪೂರ್, ಮದ್ರಾಸ್, ಎಲ್ಲ ಕಡೆಯ ತಮಿಳು ಜನ ಸೇರುತ್ತಾರೆ.

'ಎಂಗಸ್ರೂ ಬತ್ತಾರಾ?' ಎಂದು ಅವಳು ಕೇಳಿದಳು.

'ಬತ್ತಾರೆ. ಸುಮ್ನೆ ತಮಾಸೆ ಮಾಡ್ಕಂಡಿರ್ತೀವಿ. ನಿಂಗ್ಯಾಕೆ ಅದು?'

ಅವಳಿಗೆ ನಿಜಕ್ಕೂ ಹೆಂಗಸರ ಚಿಂತೆ ಇರಲಿಲ್ಲ. ಅವನು ತನ್ನ ಪಕ್ಕದಲ್ಲಿ ಕೂತು ಬೇರೆ ಕಡೆ ನೋಡುತ್ತಿದ್ದಾನೆ ಅನ್ನಿಸುತ್ತಿತ್ತು. ಅದನ್ನು ಹೇಗೆ ಹೊಡೆಯುವುದು?

ಆಗಸ್ಟ್ ಮೊದಲ ಶುಕ್ರವಾರ ಅವನು ಯಾವುದೋ ಮಾತಿಗೆ, 'ನಾನು ಒರಡೋ ಮುಂಚೆ ಒಂದು ಮಗು ಆಗೋ ಅಂಗಿದ್ದಿದ್ರೆ ಇಷ್ಟೊತ್ಗೆ ಮನೇನಾಗೆ ಅಂಬೆಗಾಲು ಇಕ್ತಿತ್ತು, ಅಲ್ವಾ?' ಎಂದು ಬರೆದ. ತಮಾಷೆಗೇ ಬರೆದದ್ದು. ಧನಲಕ್ಷ್ಮಿ ಆ ಸಾಲನ್ನು ಇನ್ನೊಮ್ಮೆ ಓದಿದಳು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದು ಬಂದಳು.

ಆ ವಾರವೆಲ್ಲ ಅವಳಿಗೆ ಬೇರೆ ಯೋಚನೆಯಿರಲಿಲ್ಲ. ಇನ್ನು ಹೇಳದೆ ಇರುವುದು ಸುಳ್ಳು ಹೇಳಿದ ಹಾಗೇ. ಹೇಳಲು ಈಗ ಮಾತೂ ಇದೆ, ಮನೆಯ ಮಾತು. ಮುಂದಿನ ಶುಕ್ರವಾರ ಬಸ್ಸಿನ ಕಿಟಕಿಯ ಪಕ್ಕ ಕೂತು ಮೆಟ್ಟೂರಿನಿಂದ ಸೇಲಂವರೆಗೆ ಸಾಲುಸಾಲಾಗಿ ಮನಸ್ಸಿನಲ್ಲಿ ಜೋಡಿಸಿಕೊಂಡಳು. ನಾಲ್ಕು ಗಂಟೆಗೆ ಗೂಡಿನೊಳಗೆ ಕೂತು, 'ಮಾಮ, ಒಂದು ವಿಸ್ಯ ಏಳ್ಬೇಕು. ಪೂರ್ತಿ ಓದಿ' ಎಂದು ಬರೆದಳು. 'ಏಳು' ಎಂದು ಬಂತು.

ಅವಳು ಹೇಳಿದಳು. ಬಸುರಿಯಾದದ್ದು, ಮೂರು ತುಂಬಲಿ ಎಂದು ಕಾದದ್ದು, ಮೇ ಹದಿನಾಲ್ಕು, ಟೆಂಪೋ, ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಾಗ ಕಂಡ ಆಕಾಶ. 'ನಿಮ್ಗೆ ಏಳ್ದೆ ಇದ್ದಿದ್ದು ತಪ್ಪೇ. ಆದ್ರೆ ಒಬ್ಳೇ ಇಟ್ಕಂಡು ಇಟ್ಕಂಡು ನಂಗೆ ಸಾಕಾಗೈತೆ ಮಾಮ' ಎಂದು ಮುಗಿಸಿ ಕೊನೆಯ ಸಾಲನ್ನು ಕಳುಹಿಸಿದಳು.

ಒಂದು ನಿಮಿಷ ಏನೂ ಬರಲಿಲ್ಲ. ಆಮೇಲೆ ಬಂತು.

'ಹ ಹ ಹ! ಸೂಪರ್! ಅಪ್ಪುರಂ?'

ಆಮೇಲೇನಾಯಿತು ಎಂದು ಕೇಳುವ ತಮಿಳು ಮಾತು. ಅವನು ಅವಳ ಜೊತೆ ತಮಿಳಿನಲ್ಲಿ ಬರೆಯುವುದನ್ನು ಬಿಟ್ಟು ಆರು ತಿಂಗಳಾಗಿತ್ತು. ಇದು ಇನ್ನಾರಿಗೋ ಹೋಗಬೇಕಾದದ್ದು, ಕಿಟಕಿ ತಪ್ಪಿ ಇಲ್ಲಿ ಬಿದ್ದಿದೆ ಎಂದು ಅವಳಿಗೆ ಒಂದೇ ಕ್ಷಣದಲ್ಲಿ ತಿಳಿಯಿತು. ತಿಳಿದದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ. ಅವಳು ಪರದೆ ಸರಿಸಿ ಎದ್ದು ಬಂದಳು.

"ಲೈನ್ ಕಟ್ ಆಯ್ತಾಮ್ಮಾ?" ಎಂದರು ಪಳನಿಯಪ್ಪನ್.

"ಇಲ್ಲ ಸಾರ್. ಲೈನ್ ಸರಿಯಾಗೇ ಇದೆ," ಎಂದು ತಮಿಳಿನಲ್ಲೇ ಹೇಳಿ ಮೆಟ್ಟಿಲಿಳಿದಳು. ಚಪ್ಪಲಿ ಹಾಕಿಕೊಳ್ಳುವಾಗ ಎಡಬಲ ತಪ್ಪಿತು.

ಮನೆಯಲ್ಲಿ ಕಾಳಿಯಮ್ಮ ಅವಳ ಮುಖ ನೋಡಿ ಕಾಫಿ ಕಾಯಿಸಿ ತಂದಿಟ್ಟಳು. ಧನಲಕ್ಷ್ಮಿಯೇ ಬಾಯಿಬಿಟ್ಟಳು.

"ಏಳ್ಬಿಟ್ಟೆ ಅತ್ತೆ, ಮಗೀನ ವಿಸ್ಯ."

"ಏನಂದ?"

"ನಕ್ರು."

ಮುದುಕಿ ಲೋಟ ಕೆಳಗಿಟ್ಟಳು. ಧನಲಕ್ಷ್ಮಿ ಬಿಡಿಸಿ ಹೇಳಿದಳು. "ಆ ಪೆಟ್ಗೇನಾಗೆ ಒಂದೇ ಸಲ ನಾಕು ಜನ್ದತ್ರ ಮಾತಾಡ್ಬೋದು. ಬ್ಯಾರೆ ಯಾರೋ ಏನೋ ಅಂದವ್ರೆ, ಅದ್ಕೆ ನಕ್ಕಿದ್ದು ನಂಗೆ ಬಂತು. ಬೇಕು ಅಂತ ನಕ್ಕಿದ್ದಲ್ಲ ಅತ್ತೆ."

"ನೀನು ಇದ್ನ ಏಳ್ತಾ ಇದ್ರೆ ಅವ್ನು ಬ್ಯಾರೇರ್ ಜತ್ಗೆ ನಗ್ತಾ ಇದ್ನಾ?" ಕಾಳಿಯಮ್ಮ ಎಲೆ ಅಡಿಕೆಯ ಚೀಲ ಹತ್ತಿರ ಎಳೆದುಕೊಂಡಳು. "ನನ್ ಮಗ ಅಂತ ನಾನು ಏನೂ ಅನ್ನಾಕಿಲ್ಲ. ನಿಂಗೆ ಓಗ್ಬೇಕು ಅನ್ನಿಸಿದ್ರೆ ಓಗು. ಇಲ್ದಿದ್ರೆ ಬ್ಯಾಡ."

ಧನಲಕ್ಷ್ಮಿ ಹೋಗಲಿಲ್ಲ. ಒಂದು ಶುಕ್ರವಾರ, ಎರಡು, ಮೂರು ಕಳೆದವು. ಮಧ್ಯಾಹ್ನ ಒಂದು ಗಂಟೆಯ ಬಸ್ಸು ಶಾಲೆಯ ಮುಂದೆ ಹಾರ್ನ್ ಹೊಡೆದು ಹೋಗುವಾಗ ಮಕ್ಕಳಿಗೆ ಇನ್ನೂ ಜೋರಾಗಿ ಪಾಠ ಹೇಳಿಸುತ್ತಿದ್ದಳು. ಆಮೇಲೆ ಶಾಲೆಯ ವಿಳಾಸಕ್ಕೆ ಪಳನಿಯಪ್ಪನ್ ಅವರ ಪೋಸ್ಟ್ ಕಾರ್ಡ್ ಬಂತು. 'ನಿಮ್ಮ ಯಜಮಾನರು ನಮ್ಮ ಸೆಂಟರಿಗೆ ದಿನವೂ ಮೇಲ್ ಕಳುಹಿಸಿ ನಿಮ್ಮನ್ನು ಕೇಳುತ್ತಿದ್ದಾರೆ. ಸಂಸಾರದ ವಿಷಯದಲ್ಲಿ ನಾನು ತಲೆಹಾಕುವುದಿಲ್ಲ. ಒಂದು ಸಲ ಬಂದು ನೋಡಿ. ನಾಲ್ಕನೆಯ ಕಂಪ್ಯೂಟರ್ ಖಾಲಿಯಿದೆ.' ಅವಳು ಕಾರ್ಡನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಳು. ಆಗಲೂ ಹೋಗಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ಒಳಗೆ ಹನ್ನೊಂದು ಹಾಳೆ, ಎರಡೂ ಕಡೆ ಬರೆದದ್ದು. ಅಕ್ಷರ ತಮಿಳಿನವು, ಆದರೆ 'ಅನ್ಬುಳ್ಳ' ಇರಲಿಲ್ಲ, 'ನಲಂ' ಇರಲಿಲ್ಲ. 'ಧನಾ' ಎಂದೇ ಶುರುವಾಗಿತ್ತು. ತಮಿಳಿನ ಅಕ್ಷರದಲ್ಲಿ ಮನೆಯ ಕನ್ನಡವನ್ನು ಬರೆದಿದ್ದ. ಮೊದಲು ಸುಮಾರು ಒಂದು ವರ್ಷ ಕಾಗದ ಬರೆದಿದ್ದರೂ ಇಬ್ಬರಿಗೂ ಇದು ಹೊಳೆದಿರಲಿಲ್ಲ. ಕಾಗದವೆಂದರೆ ತಮಿಳು ಎಂದು ಕೂತುಬಿಟ್ಟಿತ್ತು.

ಅವಳು ಕುರಿಹಟ್ಟಿಯ ಹಿಂದೆ ಹೋಗಿ ಕಲ್ಲಿನ ಮೇಲೆ ಕೂತು ಓದಿದಳು.

'ಆ ನಗು ನಿಂಗಲ್ಲ ಅಂತ ಬರ್ಯಾಣ ಅನ್ಕಂಡೆ. ಅದು ತಪ್ಪಿಸ್ಕಳೋ ಮಾತು. ನೀನು ಬರೀತಾ ಇದ್ದಾಗ ನಾನು ಅಲ್ಲಿರ್ನಿಲ್ಲ, ಅದೇ ನಿಜ. ನಿಂಗೆ 'ಏಳು' ಅಂತ ಬರ್ದು ಆ ಕಡೀಕೆ ತಿರುಗ್ದೆ. ನೀನು ಎದ್ದೋದ್ಮೇಲೆ ನಿಂದು ಪೂರ್ತಿ ಓದ್ದೆ. ಓದಿ ನಾನು ಒರಗಡೀಕೆ ಬಂದೆ. ಎಲ್ಲಿಗೋಗ್ಬೇಕು ಅಂತ ಗೊತ್ತಾಗ್ನಿಲ್ಲ. ಸಮುದ್ರದ ದಂಡೆಗಂಟ ನಡ್ಕಂಡೋಗಿ ಕತ್ತಲಾಗೋಗಂಟ ಕೂತಿದ್ದೆ. ಅಳ್ತಾ ಕೂತ್ರೂ ಯಾರೂ ನೋಡಾಕಿಲ್ಲ ಅಲ್ಲಿ. ಆಮೇಲೆ ಸ್ಟೋರ್ನಾಗೆ ಓದ ವರ್ಸದ ರಿಜಿಸ್ಟ್ರು ತಗ್ದು ಮೇ ಹದಿನಾಕು ನೋಡ್ದೆ. ಆವತ್ತು ನಾನು ಮುನ್ನೂರು ಮೂಟೆ ಸಿಮೆಂಟ್ ಇಳಿಸ್ಕಂಡಿದ್ದೆ. ಎಲ್ಡು ಮೂಟೆ ಅರ್ದೋಗಿದ್ವು, ಅದ್ನೂ ಬರ್ದಿವ್ನಿ. ನಿನ್ ವಿಸ್ಯ ಒಂದಕ್ಸರ ಇಲ್ಲ.'

ಮುಂದಿನ ಹಾಳೆಗಳಲ್ಲಿ ಬರೀ ಪ್ರಶ್ನೆಗಳು. ಆವತ್ತು ಯಾವ ಹೊತ್ತಾಗಿತ್ತು, ನೋವು ಎಷ್ಟು ದಿನ ಇತ್ತು, ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿ ಯಾರಿದ್ದರು, ಅವ್ವ ಅತ್ತಳಾ, ನೀನು ಯಾವಾಗ ಮತ್ತೆ ಶಾಲೆಗೆ ಹೋದೆ. ಕೊನೆಯಲ್ಲಿ, ಡಿಸೆಂಬರಿಗೆ ರಜ ಕೊಟ್ಟಿದ್ದಾರೆ, ಬರುತ್ತೇನೆ ಎಂದಿತ್ತು.

ಓದಿ ಮುಗಿಸಿದ ಕೂಡಲೇ ಅವಳ ಸಿಟ್ಟೇನೂ ಇಳಿಯಲಿಲ್ಲ. ಆದರೆ ಎಷ್ಟೋ ದಿನಗಳ ಮೇಲೆ ಚೆನ್ನಾಗಿ ಅತ್ತಳು. ಉತ್ತರವನ್ನು ಅವಳೂ ಅದೇ ರೀತಿ ಬರೆದಳು, ಒಂದೇ ಸಾಲು. 'ನೀವು ಬಂದಾಗ ಬಾಯಲ್ಲೇ ಏಳ್ತೀನಿ.'

ಅವನು ಬಂದ. ಸ್ವಲ್ಪ ಕಪ್ಪಗಾಗಿದ್ದ, ಮುಂದಲೆಯಲ್ಲಿ ಕೂದಲು ತೆಳುವಾಗಿತ್ತು. ಬಂದವನು ಮತ್ತೆ ಹಳೆಯ ರಾಜಕುಮಾರನೇ. 'ಊಂ', 'ಆಗ್ಲಿ'. ಜಗಲಿಯಲ್ಲಿ ಕೂತು ಕುರಿಗಳನ್ನು ನೋಡುತ್ತಿದ್ದ. ಅವಳು ಹತ್ತಿರ ಹೋದರೆ ಏನೋ ಹೇಳಬೇಕೆಂದು ತಲೆಯೆತ್ತುವನು, ಗಂಟಲು ಸರಿಮಾಡಿಕೊಳ್ಳುವನು, ತಲೆ ತಗ್ಗಿಸುವನು. ಅವಳಿಗೂ ಬಾಯಿ ಬರಲಿಲ್ಲ. ಪಾರಿವಾಳದ ವಿಷಯ ಬರೆದ ಮನುಷ್ಯನ ನೆನಪಾಗಿ, ಅವನು ಎರಡು ಮಾರು ದೂರದಲ್ಲಿ ಕೂತಿರುವಾಗಲೇ, ಅವಳಿಗೆ ಸಂಕಟವಾಗುತ್ತಿತ್ತು. ಹೀಗೆ ನಾಲ್ಕು ದಿನ ಹೋಯಿತು.

ಐದನೆಯ ದಿನ ಬೆಳಿಗ್ಗೆ ಕಾಳಿಯಮ್ಮ, ಪಾಲಮಲೆಯ ಮೇಲಿರುವ ತನ್ನ ತಮ್ಮನ ಮನೆಗೆ ಉಪ್ಪು, ಎಣ್ಣೆ, ಎರಡು ಸೀರೆ ಕೊಟ್ಟು ಬರಬೇಕು, ಗಂಡ ಹೆಂಡತಿ ಇಬ್ಬರೂ ಹೋಗಿ ಬನ್ನಿ ಎಂದಳು. "ನಂಗೆ ಮಂಡಿ ನೋವು," ಎಂದಳು. ಹಿಂದಿನ ದಿನವಷ್ಟೇ ಅವಳು ತಪ್ಪಿಸಿಕೊಂಡ ಟಗರಿನ ಹಿಂದೆ ಓಡಿದ್ದನ್ನು ಇಬ್ಬರೂ ಕಂಡಿದ್ದರು.

ಮಲೆಯ ದಾರಿ ಕಿರಿದು, ಇಬ್ಬರು ಪಕ್ಕಪಕ್ಕದಲ್ಲಿ ನಡೆಯುವಂತಿಲ್ಲ. ರಾಜಕುಮಾರ ಚೀಲ ಹೊತ್ತು ಮುಂದೆ ಹೋದ, ಧನಲಕ್ಷ್ಮಿ ಹಿಂದೆ. ಅರ್ಧ ಗಂಟೆ ಹತ್ತಿದ ಮೇಲೆ, ಅವನು ತಿರುಗದೆ, ಮುಂದಿನ ದಾರಿಯನ್ನೇ ನೋಡುತ್ತಾ ಕೇಳಿದ.

"ಆ ಟೆಂಪೋದೋನು ಯಾರು?"

"ಯಾವ ಟೆಂಪೋ?"

"ಆವತ್ತಿನ್ದು."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಗೊತ್ತಿಲ್ಲ. ಮೆಟ್ಟೂರ್ ಕಡ್ಯೋನು. ಕಾಸು ಕೊಡಾಕೋದ್ರೆ ಈಸ್ಕಳ್ನಿಲ್ಲ. ಒಂದು ಗೋಣಿಚೀಲ ಕೆಳಾಕೆ ಆಸ್ಕೊ ಅಂತ ಕೊಟ್ಟ."

"ಊಂ," ಎಂದ ಅವನು. ಈ 'ಊಂ' ಬೇರೆಯಾಗಿತ್ತು, ಮುಂದೆ ಹೇಳು ಎನ್ನುವಂತಿತ್ತು.

ಅವಳು ಹೇಳುತ್ತಾ ಹೋದಳು. ಅವನ ಬೆನ್ನು ನೋಡಿಕೊಂಡು ಹೇಳುವುದು ಸುಲಭವಾಗಿತ್ತು. ಅವನಿಗೂ ಕೇಳುವುದು ಸುಲಭವಾಗಿರಬೇಕು. ನಡುನಡುವೆ ಒಂದೊಂದು ಪ್ರಶ್ನೆ ಕೇಳುತ್ತಿದ್ದ, ಕಾಗದದಲ್ಲಿ ಕೇಳಿದ್ದನ್ನೇ ಕೆಲವು. ಯಾವುದಕ್ಕೂ ಅವಳು ಬೇಸರಪಡಲಿಲ್ಲ. ಆಸ್ಪತ್ರೆಯಿಂದ ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ತನ್ನ ಕೂಸನ್ನು ಒಂದು ಗಳಿಗೆ ಹಿಡಿದುಕೊಳ್ಳಿ ಎಂದು ಇವಳ ಮಡಿಲಿಗೆ ಕೊಟ್ಟದ್ದನ್ನು ಹೇಳಿದಾಗ ಅವನ ಕಾಲು ನಿಂತಿತು. ಚೀಲ ಇಳಿಸಿ ಬಂಡೆಯ ಮೇಲೆ ಕೂತ. ಕೆಳಗೆ ಮೆಟ್ಟೂರು ಅಣೆಕಟ್ಟಿನ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಅವಳು ಪಕ್ಕದಲ್ಲಿ ಕೂತಳು. ಈಗ ಮುಖ ಕಾಣುತ್ತಿತ್ತು. ಅವನು ಅದನ್ನು ಮುಚ್ಚಿಕೊಳ್ಳಲು ನೋಡಲಿಲ್ಲ.

"ಅದ್ನ ನೀನು ಏಳಿರ್ನಿಲ್ಲ," ಎಂದ.

"ಅತ್ತೆಗೂ ಏಳಿಲ್ಲ. ಯಾರ್ಗೂ ಏಳಿಲ್ಲ."

ಅವನು ಅವಳ ಕೈಯನ್ನು ತೆಗೆದುಕೊಂಡು ತನ್ನ ಮೊಣಕಾಲಿನ ಮೇಲಿಟ್ಟುಕೊಂಡ. ಸೌದೆ ಹೊತ್ತು ಇಳಿಯುತ್ತಿದ್ದ ಮಲೆಯ ಹೆಂಗಸರು ಅವರನ್ನು ನೋಡಿ ನಗುತ್ತಾ ದಾರಿ ಬಳಸಿ ಹೋದರು, ಅವನು ಕೈ ಬಿಡಲಿಲ್ಲ.

"ಮಾಮ," ಎಂದಳು ಧನಲಕ್ಷ್ಮಿ ಆ ಹೆಂಗಸರು ಮರೆಯಾದ ಮೇಲೆ, "ಚಾಟಿಂಗ್ ನಂಗೆ ಬ್ಯಾಡ. ನೀವು ಆ ರೂಮ್‌ಗೆ ಓಗಿ, ಬಿಡಿ, ನಾನು ಕೇಳಾಕಿಲ್ಲ. ನಂಗೆ ಮಾತ್ರ ವಾರಕ್ಕೊಂದು ಬರೀರಿ. ಬರ್ಯಾವಾಗ ನನ್ ಜತ್ಗೇ ಇರಿ. ಅಷ್ಟೇ."

"ಆಗ್ಲಿ," ಎಂದ. ಆಮೇಲೆ, ಅಷ್ಟು ಸಾಲದೆಂದು ತೋರಿರಬೇಕು, "ನಂಗೂ ಅದೇ ಬೇಕು. ಅಲ್ಲಿ ಎಲ್ರೂ ಅವ್ರೆ, ಯಾರೂ ಇಲ್ಲ," ಎಂದ.

ಮೇಲೆ ಸೋದರಮಾವನ ಮನೆಯಲ್ಲಿ ಊರವರೆಲ್ಲ ಸೇರಿ, ಶಾರ್ಜಾ ಎಂಗೈತೆ, ಅಲ್ಲಿ ಏನೇನೈತೆ ಎಂದು ಮುತ್ತಿಕೊಂಡು ಕೇಳಿದರು. ರಾಜಕುಮಾರ ಬಹಳ ಹೊತ್ತು ಯೋಚಿಸಿ, "ಬಿಸ್ಲು," ಎಂದ. ಧನಲಕ್ಷ್ಮಿ ನಗು ತಡೆಯಲಾರದೆ ಹೊರಗೆ ಹೋದಳು.

ಅವನು ವಾಪಸ್ಸು ಹೋಗಿ ಹತ್ತು ತಿಂಗಳ ಕರಾರು ಮುಗಿಸಿ ಬಂದ. ಆ ಹತ್ತು ತಿಂಗಳೂ ಶನಿವಾರ ಶನಿವಾರ ಮೇಲ್ ಬಂತು. ಬಂದ ಮೇಲೆ ಸೇಲಂನ ಹತ್ತಿರ ಸಬ್ಬಕ್ಕಿ ಮಾಡುವ ಒಂದು ಜವ್ವರಿಸಿ ಮಿಲ್ಲಿನಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಹಿಡಿದ. ಇಬ್ಬರು ಹೆಣ್ಣುಮಕ್ಕಳಾದರು. ಮಾತು ಈಗಲೂ ಕಡಿಮೆಯೇ. ಏನಾದರೂ ದೊಡ್ಡ ವಿಷಯ ಬಂದರೆ, "ಬಾ, ಒಸಿ ನಡ್ಕಂಬರಾನ," ಎನ್ನುತ್ತಾನೆ, ತಾನು ಮುಂದೆ ನಡೆಯುತ್ತಾನೆ.

ಆದರೂ ಧನಲಕ್ಷ್ಮಿಯನ್ನು ಕೇಳಿದರೆ, ಮದುವೆಯ ಹೊಸ ದಿನಗಳೆಂದರೆ ಅವಳಿಗೆ ನೆನಪಾಗುವುದು ಆ ನಲವತ್ತೆರಡು ದಿನಗಳಲ್ಲ. ತೊಂಬತ್ತೊಂಬತ್ತರ ಫೆಬ್ರವರಿಯಿಂದ ಮೇವರೆಗಿನ ಶನಿವಾರಗಳು. ಬೆಳಗಿನ ಬಸ್ಸು, ಮಹಡಿಯ ಮೆಟ್ಟಿಲು, ಬರಿಗಾಲಿಗೆ ತಾಗುವ ತಣ್ಣನೆಯ ನೆಲ, ತನಗಾಗಿ ಯಾರೋ ವಾರವಿಡೀ ಕೂಡಿಟ್ಟ ಮಾತು. ಅಂಥ ಕಾಯುವಿಕೆ ಮತ್ತೆ ಬರಲಿಲ್ಲ, ಎನ್ನುತ್ತಾಳೆ.